ಮಣಿಯ ಮೇಲೆ ಬೆಳೆದ ಸರಪಳಿ

ಅಮೈನೋ ಆಮ್ಲಗಳನ್ನು ಒಂದರೊಡನೊಂದು ಬೆಸೆದು ಪೆಪ್ಟೈಡಿನ ಸರಪಳಿಯನ್ನು ರಚಿಸುವ ವಿದ್ಯೆಯು ಹೊಸದೇನಲ್ಲ. ಜರ್ಮನಿಯ ಎಮಿಲ್ ಫಿಷರನು 1907ರಷ್ಟು ಹಿಂದೆಯೇ 18 ಕೊಂಡಿಗಳ ಸರಪಳಿಯೊಂದನ್ನು ಸಿದ್ಧಪಡಿಸಿದ್ದನು. ಆದರೂ ತರುವಾಯದ ಅರ್ಧ ಶತಮಾನದಲ್ಲಿ ಆ ವಿದ್ಯೆಯ ನಡೆ ಬಲು ಮಂದವಾಗಿತ್ತು. ಒಂದೊಂದು ಬೆಸುಗೆಯಾದ ಮೇಲೂ ದ್ರಾವಣದಲ್ಲಿ ಕಲೆತುಕೊಂಡಿರುವ ಉಳಿಕೆಗಳಿಂದ ಹೊಸ ಪದಾರ್ಥವನ್ನು ಬೇರ್ಪಡಿಸಿ, ಶೋಧಿಸಿ, ಸಾಧ್ಯವಾದರೆ ಸ್ಫಟಿಕವಾಗಿಸಿ, ಅನಂತರವೇ ಮುಂದಿನ ಕೊಂಡಿಗೆ ಕೈಹಾಕಬೇಕಾಗಿದ್ದಿತು. ಶೋಧನೆಯ ಪ್ರತಿಯೊಂದು ಸಲವೂ ಪದಾರ್ಥದ ಒಂದು ಪಾಲು ನಷ್ಟವಾಗುತ್ತಿದ್ದಿತು.

ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಬ್ರೂಸ್ ಮೆರಿಫೀಲ್ಡನು 1959ರಲ್ಲಿ ಕಂಡುಕೊಂಡ ಉಪಾಯದ ಸರಳತೆಯನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ. ದ್ರಾವಕದಲ್ಲಿ ಕರಗದ ಪಾಲಿಸ್ಟೈರೀನಿನ ಸಣ್ಣ ಮಣಿಗಳಿಗೆ ಸರಪಳಿಯ ಮೊದಲ ಅಮೈನೋ ಆಮ್ಲವನ್ನು ಗಟ್ಟಿಯಾಗಿ ಬಂಧಿಸಿಬಿಟ್ಟರೆ, ಆಮೇಲೆ ಯಾವ ಉಳಿಕೆಯನ್ನೇ ಆಗಲಿ ತೊಳೆದು ಸೋಸಿ ಹೊರಚೆಲ್ಲಬಹುದು, ಸರಪಳಿಯು ಮಾತ್ರ ಮಣಿಯೊಡನೆ ಪಾತ್ರೆಯಲ್ಲಿಯೇ ನಿಲ್ಲುತ್ತದೆ. ಮುಂದಿನ ಅಮೈನೋ ಆಮ್ಲವು ತನ್ನಷ್ಟಕ್ಕೆ ತಾನೇ ಬೆಸೆದುಕೊಳ್ಳದಂತೆ ಅದರ ಒಂದು ತುದಿಗೆ ರಕ್ಷಾಕವಚವನ್ನು ತೊಡಿಸಿ, ಅಗತ್ಯಕ್ಕಿಂತ ಹೆಚ್ಚಾಗಿ ಸುರಿದು ಬೆಸೆಯುವುದು, ತೊಳೆಯುವುದು, ಕವಚವನ್ನು ಕಳಚುವುದು, ಮತ್ತೆ ತೊಳೆಯುವುದು. ಕಟ್ಟಕಡೆಗೆ ಪೂರ್ಣಗೊಂಡ ಸರಪಳಿಯನ್ನು ಮಣಿಯಿಂದ ಬಿಡಿಸಿಕೊಳ್ಳುವುದು. ಈ ಕ್ರಮದಿಂದ ನಾಲ್ಕು ಕೊಂಡಿಗಳ ಪೆಪ್ಟೈಡನ್ನು ರಚಿಸಿದ ವೃತ್ತಾಂತವನ್ನು ಅವನು 1963ರಲ್ಲಿ ಏಕಾಂಗಿಯಾಗಿ ಪ್ರಕಟಿಸಿದನು.

ಈ ಕ್ರಮಕ್ಕೂ ಒಂದು ನಿಷ್ಠುರವಾದ ಗಣಿತವುಂಟು. ಬೆಸೆಯಲು ತಪ್ಪಿದ ಸರಪಳಿಗಳೂ ಮಣಿಗೇ ಅಂಟಿಕೊಂಡಿರುವುದರಿಂದ ಯಾವ ತೊಳೆತವೂ ಅವುಗಳನ್ನು ನೀಗಿಸಲಾರದು. ಪ್ರತಿ ಬೆಸುಗೆಯೂ ನೂರಕ್ಕೆ 99ರಷ್ಟು ಸಫಲವಾದರೂ, 124 ಕೊಂಡಿಗಳ ಪ್ರೋಟೀನಿನ ಕೊನೆಯನ್ನು ಮುಟ್ಟುವಷ್ಟರಲ್ಲಿ ನಿರ್ದೋಷವಾಗಿ ಉಳಿಯುವುದು ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಹೀಗಿದ್ದೂ ಮೆರಿಫೀಲ್ಡನು ಬರ್ಂಡ್ ಗುಟ್ಟೆಯೊಡನೆ ಸೇರಿ, ಅಷ್ಟೇ ಕೊಂಡಿಗಳುಳ್ಳ ರೈಬೊನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು 369 ರಾಸಾಯನಿಕ ಕ್ರಿಯೆಗಳ ಮೂಲಕ 1969ರಲ್ಲಿ ಕಟ್ಟಿ ನಿಲ್ಲಿಸಿದನು. ಜೀವಕೋಶದ ಸ್ಪರ್ಶವನ್ನೇ ಅರಿಯದ ಆ ಸರಪಳಿಯು ತಾನಾಗಿ ಮಡಿಸಿಕೊಂಡು, ಆರ್‌ಎನ್‌ಎಯನ್ನು ಕತ್ತರಿಸುವ ತನ್ನ ಸಹಜಕಾರ್ಯಕ್ಕೆ ತೊಡಗಿತು! 1984ರ ನೊಬೆಲ್ ಪಾರಿತೋಷಕವು ಅವನಿಗೆ ಸಂದುದು ಯುಕ್ತವೇ ಸರಿ.

ಪ್ರೋಟೀನಿನ ಆಕಾರವು ಅದರ ಕೊಂಡಿಗಳ ಅನುಕ್ರಮದಲ್ಲಿಯೇ ಅಡಗಿರುವುದಾದರೆ, ನಮಗೆ ಬೇಕಾದ ಆಕಾರವನ್ನು ಮೊದಲು ಕಲ್ಪಿಸಿ ಅದಕ್ಕೆ ತಕ್ಕ ಅನುಕ್ರಮವನ್ನು ಗಣಿಸಲಾಗದೆ? ಸಿಯಾಟಲಿನ ಡೇವಿಡ್ ಬೇಕರನ ಬಳಗವು ಕಂಪ್ಯೂಟರಿನ ನೆರವಿನಿಂದ ಇದನ್ನೇ ಸಾಧಿಸಿ, ಪ್ರಕೃತಿಯಲ್ಲಿ ಅದುವರೆಗೆ ಕಾಣದಿದ್ದ ಮಡಿಕೆಯುಳ್ಳ, 93 ಕೊಂಡಿಗಳ 'ಟಾಪ್7' ಎಂಬ ಪ್ರೋಟೀನನ್ನು 2003ರಲ್ಲಿ ಲೋಕದ ಮುಂದಿರಿಸಿತು. ಅದನ್ನು ಕಟ್ಟಿಕೊಟ್ಟವು ಮಣಿಗಳಲ್ಲ, ಬ್ಯಾಕ್ಟೀರಿಯಗಳು. ಎಕ್ಸ್-ಕಿರಣಗಳು ತೋರಿದ ರಚನೆಯಾದರೋ ಗಣಿಸಿದ ನಕ್ಷೆಗೆ ಬಹುಮಟ್ಟಿಗೆ ಸರಿಹೊಂದಿತು.