ಮೊದಲು ಅಂಟು ಯಾವುದು ನೋಡಿ, ಆಮೇಲೆ ಲೇಬಲ್ ಬಿಡಿಸಿ

ವೈನ್ ಬಾಟಲಿಯ ಲೇಬಲ್ಲನ್ನು ಇಡಿಯಾಗಿ ಬಿಡಿಸಿ ಇಟ್ಟುಕೊಳ್ಳಬೇಕು ಎಂದುಕೊಂಡವರು ಸಾಮಾನ್ಯವಾಗಿ ಬಾಟಲಿಯನ್ನು ಸೀದಾ ಬಿಸಿನೀರಿನ ಬಕೆಟ್ಟಿಗೆ ಇಳಿಸುತ್ತಾರೆ. ಕೆಲವು ಲೇಬಲ್‌ಗಳು ಸ್ವಲ್ಪ ಹೊತ್ತಿಗೆ ತಾವೇ ಕಳಚಿಕೊಂಡು ತೇಲುತ್ತವೆ. ಇನ್ನು ಕೆಲವು ರಾತ್ರಿಯಿಡೀ ನೆನೆದರೂ ಜಗ್ಗುವುದಿಲ್ಲ. ಕಾಗದ ಮುದ್ದೆಯಾಗಿ ಕೈಗೆ ಬರುತ್ತದೆ, ಅಂಟು ಮಾತ್ರ ಗಾಜಿನ ಮೇಲೆ ಹಾಗೇ ಕೂತಿರುತ್ತದೆ. ನೀರಿನ ಬಿಸಿ ಸಾಲಲಿಲ್ಲವೆಂದು ಹೀಗಾದದ್ದಲ್ಲ, ಆ ಲೇಬಲ್‌ಗೆ ಬಳಸಿದ ಅಂಟಿನ ಜಾತಿಯೇ ಬೇರೆ. ಅದನ್ನು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಇಷ್ಟು ತಾಪತ್ರಯ ಯಾಕೆ ಎಂದರೆ, ಈ ಚೀಟಿಗಳಿಗೆ ನಿಜವಾಗಿಯೂ ಬೆಲೆಯಿದೆ. ಫ್ರಾನ್ಸಿನ ಶಾಟೋ ಮೂಟೋನ್ ರಾಥ್‌ಷೀಲ್ಡ್ 1945ರಿಂದ ಬಹುತೇಕ ಪ್ರತಿ ವರ್ಷದ ಲೇಬಲ್ಲಿಗೂ ಒಬ್ಬೊಬ್ಬ ಕಲಾವಿದನ ಕೃತಿಯನ್ನು ಬಳಸುತ್ತ ಬಂದಿದೆ. 1973ರ ಲೇಬಲ್‌ನಲ್ಲಿ ಪಿಕಾಸೋ ಇದ್ದಾನೆ, 2009ರದರಲ್ಲಿ ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಇದ್ದಾರೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ವೈನರಿ ಶುರುವಾದದ್ದು 1988ರಲ್ಲಿ. 2012ರಲ್ಲಿ ಅದು ನಾಸಿಕ್ ಕಡೆಯ ಇನ್ನೊಂದು ವೈನರಿಯ ಜೊತೆ ಸೇರಿ ಗ್ರೋವರ್ ಝಂಪಾ ಆಯಿತು. ಹಾಗಾಗಿ ಬರೀ ‘ಗ್ರೋವರ್’ ಎಂದಷ್ಟೇ ಇರುವ ಹಳೆಯ ಲೇಬಲ್ ಕರ್ನಾಟಕದ ದ್ರಾಕ್ಷಿ ಬೇಸಾಯದ ಚರಿತ್ರೆಗೆ ಒಂದು ದಾಖಲೆ. ಅದು ಬಾಟಲಿಯ ಜೊತೆ ಗುಜರಿಗೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಅಂಟುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹಳೆಯ ಪದ್ಧತಿಯಲ್ಲಿ ಒಣ ಕಾಗದದ ಹಿಂದೆ ಹಸಿ ಗೋಂದು ಬಳಿದು ಬಾಟಲಿಗೆ ಒತ್ತುತ್ತಾರೆ. ಆ ಗೋಂದು ಪಿಷ್ಟದಿಂದಲೋ, ಹಾಲಿನ ಪ್ರೋಟೀನಾದ ಕೆಸೀನ್‌ನಿಂದಲೋ ಮಾಡಿದ್ದಾಗಿರುತ್ತದೆ. ಪಿಷ್ಟದ ಗೋಂದು ನೀರಿಗೆ ಬೇಗ ಸೋಲುತ್ತದೆ. ಕೆಸೀನ್ ಹಾಗಲ್ಲ. ಬಿಳಿ ವೈನನ್ನು ಐಸ್ ತುಂಬಿದ ಬಕೆಟ್ಟಿನಲ್ಲಿಟ್ಟು ಬಡಿಸುವ ರೂಢಿಯಿದೆಯಲ್ಲ, ಆ ತಣ್ಣೀರಿನಲ್ಲಿ ಲೇಬಲ್ ಜಾರದಿರಲಿ ಎಂದೇ ಅದನ್ನು ಬಳಸುತ್ತಾರೆ. ಆದರೆ ಕೆಸೀನ್ ಕ್ಷಾರಕ್ಕೆ ಕರಗುತ್ತದೆ. ಅಡುಗೆ ಸೋಡಾ ಕೆಲಸಕ್ಕೆ ಬರುವುದು ಇಲ್ಲಿಯೇ.

ಎರಡನೆಯದು ಸ್ಟಿಕ್ಕರ್ ಅಂಟು. ಲಾಸ್ ಏಂಜಲೀಸ್‌ನ ಸ್ಟಾಂಟನ್ ಏವರಿ 1935ರಲ್ಲಿ ತಾನೇ ಅಂಟಿಕೊಳ್ಳುವ ಲೇಬಲ್ ತಯಾರಿಸುವ ಯಂತ್ರ ಮಾಡಿದ. ಇವತ್ತು ವೈನ್ ಲೋಕದಲ್ಲಿ ಈ ಬಗೆಯದ್ದೇ ಹೆಚ್ಚು. ಇದರ ಅಂಟು ಬಹುತೇಕ ಅಕ್ರಿಲಿಕ್. ನೀರಿಗೆ ಅದು ಕ್ಯಾರೇ ಎನ್ನುವುದಿಲ್ಲ, ಶಾಖಕ್ಕೆ ಮಾತ್ರ ಮೆತ್ತಗಾಗುತ್ತದೆ.

ಯಾವುದು ಯಾವುದೆಂದು ತಿಳಿಯಲು ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು, ಗಾಜಿನ ಆಚೆ ಬದಿಯಿಂದ ಲೇಬಲ್ಲಿನ ಬೆನ್ನು ನೋಡಿ. ಗೋಂದಿನ ಪಟ್ಟೆಪಟ್ಟೆ ಗುರುತು ಕಂಡರೆ ಅದು ಹಸಿ ಗೋಂದಿನದು. ಬೆನ್ನು ಪೂರ್ತಿ ಒಂದೇ ಸಮ ಇದ್ದು, ಮೂಲೆಗಳು ನುಣುಪಾಗಿ ಗುಂಡಗೆ ಕತ್ತರಿಸಿದ್ದರೆ ಸ್ಟಿಕ್ಕರ್ ಎಂದುಕೊಳ್ಳಿ. ಆಗಲೂ ಅನುಮಾನವಿದ್ದರೆ ಒಂದು ಮೂಲೆಯನ್ನು ಉಗುರಿನಿಂದ ಕೂದಲೆಳೆಯಷ್ಟು ಎಬ್ಬಿಸಿ. ಜಿಗುಟಾಗಿ ಎಳೆದುಕೊಂಡು ಬಂದರೆ ಸ್ಟಿಕ್ಕರ್, ಒಣಗಿ ಗಡುಸಾಗಿ ಹಿಡಿದಿದ್ದರೆ ಗೋಂದು.

ಗೋಂದಿನ ಲೇಬಲ್ಲಿಗೆ ನೆನೆಸುವುದೇ ದಾರಿ. ಬಾಟಲಿ ತೇಲದಂತೆ ಒಳಗೂ ನೀರು ತುಂಬಿ, ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿಡಿ. ಒಂದೆರಡು ಗಂಟೆಯಾದರೂ ಕದಲದಿದ್ದರೆ ಬಕೆಟ್ಟಿಗೆ ಎರಡು ಚಮಚ ಅಡುಗೆ ಸೋಡಾ ಕದಡಿ, ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ವಾಷಿಂಗ್ ಸೋಡಾ ಇನ್ನೂ ಚುರುಕು, ಆದರೆ ಬಂಗಾರದ ಅಥವಾ ಬೆಳ್ಳಿಯ ಹೊಳಪು ಅಚ್ಚಿರುವ ಲೇಬಲ್ಲಿಗೆ ಅದು ಬೇಡ. ಆ ಹೊಳಪು ಸಾಮಾನ್ಯವಾಗಿ ತೆಳು ಅಲ್ಯುಮಿನಿಯಂ ಪದರ. ಕ್ಷಾರ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ಉಬ್ಬಚ್ಚು ಇರುವ ಲೇಬಲ್ ಹೆಚ್ಚು ಹೊತ್ತು ನೆನೆದರೆ ಉಬ್ಬು ಕುಸಿಯುತ್ತದೆ, ಅದನ್ನು ಆಗಾಗ ನೋಡುತ್ತಿರಬೇಕು.

ನೆನೆದ ಕಾಗದಕ್ಕೆ ಕಸುವಿಲ್ಲ. ಬೆರಳಲ್ಲಿ ಚಿವುಟಿ ಎತ್ತಿದರೆ ಅದರ ಭಾರಕ್ಕೇ ಹರಿಯುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಒಎಚ್‌ಪಿ ಹಾಳೆಯನ್ನು ನೀರಿನೊಳಗೇ ಲೇಬಲ್ಲಿನ ಕೆಳಗೆ ತೂರಿಸಿ, ಅದರ ಮೇಲೆ ಕೂರಿಸಿಕೊಂಡು ಎತ್ತಿ. ಬೆನ್ನಿನಲ್ಲಿ ಉಳಿದ ಗೋಂದನ್ನು ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಇನ್ನೊಂದು ಮಾತು ನೆನಪಿರಲಿ: ಗಡಸು ನೀರು ಒಣಗಿದ ಮೇಲೆ ಕಾಗದದ ಮೇಲೆ ಬಿಳಿ ಪೊರೆ ಬಿಡುತ್ತದೆ. ಕೊನೆಯ ಜಾಲಾಟ ಫಿಲ್ಟರ್ ನೀರಿನಲ್ಲಾದರೆ ಒಳ್ಳೆಯದು.

ಸ್ಟಿಕ್ಕರ್ ಲೇಬಲ್ಲಿಗೆ ಹೊರಗಿನಿಂದ ಒಂದು ಹನಿ ನೀರೂ ಸೋಕಬಾರದು. ಶಾಖ ಒಳಗಿನಿಂದ ಬರಬೇಕು. ಬಾಟಲಿಯನ್ನು ಮಡಿಸಿದ ಬಟ್ಟೆಯ ಮೇಲೆ ನಿಲ್ಲಿಸಿ, ಮೊದಲು ಉಗುರುಬೆಚ್ಚಗಿನ ನೀರು ತುಂಬಿ ಒಂದೆರಡು ನಿಮಿಷ ಬಿಟ್ಟು ಚೆಲ್ಲಿ. ಈ ಹಂತವನ್ನು ಖಂಡಿತ ಬಿಡಬೇಡಿ. ಗಾಜಿನಲ್ಲಿ ಶಾಖ ಬೇಗ ಹರಿಯುವುದಿಲ್ಲ. ತಣ್ಣಗಿನ ಬಾಟಲಿಗೆ ಏಕಾಏಕಿ ಕಾದ ನೀರು ಬಿದ್ದರೆ ಒಳಮೈ ಹಿಗ್ಗಿ, ಹೊರಮೈ ಹಿಗ್ಗದೆ, ದಪ್ಪ ತಳದ ಹತ್ತಿರ ಬಿರುಕು ಬಿಡಬಹುದು. ಆಮೇಲೆ ಹಬೆಯಾಡುವ, ಆದರೆ ಕುದಿಯದ ನೀರನ್ನು ಆಲಿಕೆಯಿಟ್ಟು ನಿಧಾನಕ್ಕೆ ತುಂಬಿ. ಬಾಯಿಗೆ ಮುಚ್ಚಳ ಹಾಕಬೇಡಿ.

ನಾಲ್ಕೈದು ನಿಮಿಷದಲ್ಲಿ ಲೇಬಲ್ಲಿನ ಮೇಲೆ ಅಂಗೈ ಇಟ್ಟರೆ ಶಾಖ ತಿಳಿಯುತ್ತದೆ. ಆಗ ಮೇಲಿನ ಮೂಲೆಯೊಂದನ್ನು ಬ್ಲೇಡಿನ ಚಪ್ಪಟೆ ಬದಿಯಿಂದ ಎಬ್ಬಿಸಿ. ಕಾವಲಿಯ ದೋಸೆ ಎಬ್ಬಿಸುವಾಗ ಅಂಚು ತಾನೇ ಬಿಡಲಿ ಎಂದು ಕಾಯುತ್ತೇವಲ್ಲ, ಅಷ್ಟೇ ತಾಳ್ಮೆ ಇಲ್ಲೂ ಬೇಕು. ಬೆರಳಿಗೆ ಸಿಕ್ಕಷ್ಟು ಅಂಚು ಬಂದ ಮೇಲೆ ಬ್ಲೇಡ್ ಪಕ್ಕಕ್ಕಿಡಿ. ನೀರು ಚೆಲ್ಲದಂತೆ ಬಾಟಲಿಯನ್ನು ನಿಂತಲ್ಲೇ ಬಟ್ಟೆ ಸುತ್ತಿದ ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತ, ಬಿಟ್ಟ ಭಾಗವನ್ನು ನೇರವಾಗಿ ಹಿಡಿದುಕೊಳ್ಳಿ. ಕಾಗದವನ್ನು ಹಿಂದಕ್ಕೆ ಮಡಿಸಿ ಎಳೆದರೆ ಅಡ್ಡ ಸುಕ್ಕು ಬೀಳುತ್ತದೆ, ಅದು ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಅವಸರವಂತೂ ಬೇಡವೇ ಬೇಡ. ಈ ಅಂಟು ನಿಧಾನಕ್ಕೆ ಎಳೆದರೆ ಹರಿದಾಡಿ ಬಿಟ್ಟುಕೊಡುತ್ತದೆ, ಜೋರಾಗಿ ಎಳೆದರೆ ಬಿಗಿದುಕೊಂಡು ಕಾಗದವನ್ನೇ ಸೀಳುತ್ತದೆ. ನಡುವೆ ಎಲ್ಲಾದರೂ ಹಿಡಿದುಕೊಂಡರೆ ಅಲ್ಲೇ ನಿಲ್ಲಿಸಿ, ನೀರು ಚೆಲ್ಲಿ, ಹೊಸದಾಗಿ ಬಿಸಿನೀರು ತುಂಬಿ ಮುಂದುವರಿಸಿ. ಹೇರ್ ಡ್ರೈಯರ್ ಕೂಡ ಆಗುತ್ತದೆ, ಆದರೆ ಹತ್ತಿರ ಹಿಡಿದರೆ ಹೊಳಪಿನ ಅಚ್ಚು ಗುಳ್ಳೆಯೇಳುತ್ತದೆ. ನನ್ನ ಮಟ್ಟಿಗೆ ಬಿಸಿನೀರೇ ವಾಸಿ.

ಬಿಡಿಸಿದ ಸ್ಟಿಕ್ಕರಿನ ಬೆನ್ನು ಇನ್ನೂ ಅಂಟಂಟಾಗಿರುತ್ತದೆ. ಅದನ್ನು ಒಎಚ್‌ಪಿ ಹಾಳೆಗೆ ಅಂಟಿಸಿ ಸುತ್ತ ಕತ್ತರಿಸಿಕೊಳ್ಳಬಹುದು, ಇಲ್ಲವೇ ಬೆನ್ನಿಗೆ ಟಾಲ್ಕಂ ಪೌಡರ್ ಸವರಿ ಜಿಗುಟು ತೆಗೆಯಬಹುದು.

ಶಾಖಕ್ಕೂ ನೀರಿಗೂ ಬಗ್ಗದ ಲೇಬಲ್‌ಗಳಿಗೆಂದೇ ಪಾರದರ್ಶಕ ಅಂಟುಹಾಳೆಗಳು ಮಾರಾಟಕ್ಕಿವೆ. ಲೇಬಲ್ಲಿನ ಮೇಲೆ ಅಂಟಿಸಿ, ಚಮಚದ ಬೆನ್ನಿನಿಂದ ಚೆನ್ನಾಗಿ ತೀಡಿ ಎಳೆದರೆ, ಕಾಗದ ಸೀಳಿ ಮೇಲಿನ ಅಚ್ಚಿನ ಪದರ ಮಾತ್ರ ಬರುತ್ತದೆ. ಲೇಬಲ್ ಅದರಲ್ಲೇ ಶಾಶ್ವತವಾಗಿ ಉಳಿಯುವುದರಿಂದ ಇದು ಕಡೆಯ ದಾರಿಯಾಗಿರಲಿ.

ಎಣ್ಣೆ, ಥಿನ್ನರ್‌ಗಳನ್ನು ಲೇಬಲ್ಲಿನ ಹತ್ತಿರ ತರಬೇಡಿ, ಕಾಗದಕ್ಕೆ ಕಲೆ ಇಳಿಯುತ್ತದೆ. ಲೇಬಲ್ ಬಂದ ಮೇಲೆ ಗಾಜಿನ ಅಂಟಿಗೆ ನೀಲಗಿರಿ ಎಣ್ಣೆ ಸವರಿ ಒರೆಸಿದರೆ ಸಾಕು. ಅದು ಬೆಂಕಿ ಹಿಡಿಯುವ ವಸ್ತು, ಒಲೆಯಿಂದ ದೂರವಿರಲಿ.

ಕೆಲವು ಲೇಬಲ್‌ಗಳು ತೆಗೆಯಲು ಹೋದರೆ ಚೂರಾಗುವಂತೆಯೇ ಮಾಡಿದ್ದಿರುತ್ತವೆ. ಮುಚ್ಚಳದ ಮೇಲಿನ ಭದ್ರತಾ ಚೀಟಿಗಳು ಈ ಬಗೆಯವು, ಅವುಗಳ ಆಸೆ ಬಿಡಿ. ಇದಕ್ಕೆ ಕಾರಣವೂ ಇದೆ. ಅಮೆರಿಕದಲ್ಲಿ 2012ರಲ್ಲಿ ಸಿಕ್ಕಿಬಿದ್ದು, ಮರುವರ್ಷ ಅಪರಾಧಿಯೆಂದು ತೀರ್ಮಾನವಾದ ರೂಡಿ ಕುರ್ನಿಯವಾನ್ ಹಳೆಯ ಫ್ರೆಂಚ್ ವೈನ್‌ಗಳ ನಕಲು ಮಾಡುತ್ತಿದ್ದದ್ದು ಮನೆಯಲ್ಲೇ. ತನಿಖೆಯವರಿಗೆ ಅಲ್ಲಿ ರಾಶಿ ಲೇಬಲ್‌ಗಳು ಸಿಕ್ಕವು. ದುಬಾರಿ ವೈನಿನ ಲೇಬಲ್ಲನ್ನು ಅಪರಿಚಿತರಿಗೆ ಮಾರದಿರುವುದು ಸಂಗ್ರಾಹಕರು ಪಾಲಿಸಬೇಕಾದ ಎಚ್ಚರ.

ಒದ್ದೆ ಲೇಬಲ್ಲನ್ನು ಎರಡು ಬ್ಲಾಟಿಂಗ್ ಪೇಪರಿನ ನಡುವೆ, ಅದಿಲ್ಲದಿದ್ದರೆ ಬಿಳಿ ಹತ್ತಿ ಬಟ್ಟೆಯ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ. ನ್ಯೂಸ್‌ಪೇಪರ್ ಬೇಡ, ಅದರ ಶಾಯಿ ಇಳಿಯುತ್ತದೆ. ಉಬ್ಬಚ್ಚಿನದಾದರೆ ಮೆತ್ತನೆಯ ಟವೆಲ್ ಮೇಲೆ ಬೋರಲು ಹಾಕಿ ಹಗುರ ಭಾರವಿಡಿ. ಪೂರ್ತಿ ಒಣಗಿದ ಮೇಲೆ ಆಮ್ಲರಹಿತ ಹಾಳೆಗೆ, ನಾಲ್ಕು ಮೂಲೆಗೆ ಮಾತ್ರ ಗೋಧಿ ಪಿಷ್ಟದ ತೆಳು ಅಂಟು ಹಚ್ಚಿ ಕೂರಿಸಿ. ಮುಂದೆ ಬೇಕೆಂದಾಗ ತೇವ ಮಾಡಿ ಬಿಡಿಸಬಹುದು. ಲ್ಯಾಮಿನೇಷನ್ ಮಾಡಿಸಿದರೆ ಆ ಅವಕಾಶವಿಲ್ಲ. ಹಿಂಬದಿಯ ಲೇಬಲ್ಲನ್ನೂ ಪಕ್ಕದಲ್ಲೇ ಅಂಟಿಸಿ. ದ್ರಾಕ್ಷಿಯ ತಳಿ, ತಯಾರಿಸಿದ ಊರು, ಆಲ್ಕೋಹಾಲ್ ಪ್ರಮಾಣ ಎಷ್ಟೋ ಸಲ ಅದರಲ್ಲಿ ಮಾತ್ರ ಇರುತ್ತವೆ. ಬಾಟಲಿ ತೆರೆದ ದಿನ, ಜೊತೆಗಿದ್ದವರ ಹೆಸರುಗಳನ್ನು ಲೇಬಲ್ಲಿನ ಮೇಲೆ ಬರೆಯದೆ, ಹಾಳೆಯ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದಿಡಿ.