ಕಲ್ಲನ್ನು ಕೊರೆದ ಮರಳು

ಈಜಿಪ್ಟಿನ ಸಕ್ಕಾರಾದಲ್ಲಿ ಜೋಸರ್ ಎಂಬ ಅರಸನ ಮೆಟ್ಟಿಲು ಪಿರಮಿಡ್ಡು ಇದೆ. ಕ್ರಿ.ಪೂ. 2650ರ ಸುಮಾರಿಗೆ ಕಟ್ಟಿದ ಈ ಸಮಾಧಿಯ ನೆಲದಡಿಯ ಓಣಿಗಳಲ್ಲಿ ಸುಮಾರು 40,000 ಕಲ್ಲಿನ ಪಾತ್ರೆಗಳು ದೊರೆತವು. ಅವುಗಳಲ್ಲಿ ಕೆಲವು ಜೋಸರನಿಗಿಂತ ಹಿಂದಿನ ಅರಸರ ಹೆಸರುಗಳನ್ನು ಹೊತ್ತಿವೆ. ಮೆದುವಾದ ಅಲಬಾಸ್ಟರಿನ ಪಾತ್ರೆಗಳಷ್ಟೇ ಅಲ್ಲ, ಕಠಿನವಾದ ಡಯೊರೈಟ್ ಶಿಲೆಯವೂ ಅಲ್ಲಿದ್ದವು. ಕಬ್ಬಿಣದ ಉಪಕರಣಗಳಿಲ್ಲದ ಆ ಕಾಲದಲ್ಲಿ ಇಂತಹ ಕಲ್ಲನ್ನು ಕೊರೆದು ಟೊಳ್ಳಾಗಿಸಿದ ಬಗೆ ಹೇಗೆ?

ಇಂಗ್ಲೆಂಡಿನ ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿಯವರು 1883ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈಜಿಪ್ಟಿನವರು ಕಲ್ಲು ಕೊರೆದ ಬಗೆಯನ್ನು ಚರ್ಚಿಸಿದರು. ರಂಧ್ರ ಕೊರೆದಾಗ ಉಳಿದ ಗ್ರಾನೈಟಿನ ತಿರುಳಿನ ಮೇಲೆ ಆಳವಾದ ಗೀರುಗಳಿದ್ದವು. ಲೋಹದ ಕೊಳವೆಯ ಅಂಚಿಗೆ ಗಟ್ಟಿಯಾದ ರತ್ನದ ಹರಳುಗಳನ್ನು ಕೂಡಿಸಿದ್ದರೆಂದು ಅವರು ಊಹಿಸಿದರು. ಆದರೆ ಅಂತಹ ಕೊಳವೆ ಒಂದೂ ದೊರೆಯಲಿಲ್ಲ. ಕೊಳವೆಯೊಡನೆ ಬಿಡಿಯಾದ ಪುಡಿಯನ್ನು ಬಳಸಿದ್ದರೆ ಸಾಕೆಂದು ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಲ್ಯೂಕಾಸರು ವಾದಿಸಿದರು.

ಖನಿಜಗಳ ಕಾಠಿಣ್ಯವನ್ನು ಅಳೆಯುವ ಮಾಪಕದಲ್ಲಿ ತಾಮ್ರದ ಸ್ಥಾನ ಸುಮಾರು 3. ಮರಳಿನಲ್ಲಿರುವ ಬೆಣಚುಕಲ್ಲಿನದು 7. ಗ್ರಾನೈಟಿನ ಮುಖ್ಯ ಖನಿಜಗಳಾವುವೂ ಬೆಣಚಿಗಿಂತ ಗಟ್ಟಿಯಲ್ಲ. ಆದುದರಿಂದ ಕಲ್ಲನ್ನು ಕೊರೆಯುವುದು ತಾಮ್ರವಲ್ಲ, ಮರಳು. ತಾಮ್ರದ ಕೊಳವೆ ಮರಳನ್ನು ಒತ್ತಿ ತಿರುಗಿಸುತ್ತದೆ, ಅಷ್ಟೆ. ಡೆನಿಸ್ ಸ್ಟಾಕ್ಸ್ ಎಂಬ ಸಂಶೋಧಕರು ಇಂತಹ ಉಪಕರಣಗಳನ್ನು ತಾವೇ ತಯಾರಿಸಿ, ಗ್ರಾನೈಟನ್ನು ಕೊರೆದು ತೋರಿಸಿದರು. ಕೆಲಸ ನಿಧಾನವಾಗಿತ್ತು, ತಾಮ್ರವೂ ಸವೆಯಿತು. ಆದರೆ ರಂಧ್ರ ಬಿದ್ದಿತು.

ಕಿರಿದಾದ ಬಾಯಿಯ ಕುಡಿಕೆಯ ಹೊಟ್ಟೆಯನ್ನು ಅಗಲಗೊಳಿಸಿದ ಬಗೆಯೂ ತಿಳಿದಿದೆ. ನಡು ಸಣ್ಣದಾದ ಕಲ್ಲೊಂದನ್ನು ಕವಲುಕೋಲಿನ ತುದಿಗೆ ಸಿಕ್ಕಿಸಿ, ಮರಳು ಹಾಕಿ ತಿರುಗಿಸುತ್ತಿದ್ದರು. ಕೋಲಿನ ಮೇಲ್ತುದಿಗೆ ಭಾರಕ್ಕಾಗಿ ಕಲ್ಲುಗಳನ್ನು ಕಟ್ಟುತ್ತಿದ್ದರು. ಈ ಬೈರಿಗೆಯನ್ನು ಹಿಡಿದ ಕುಶಲಿಗಳ ಚಿತ್ರಗಳು ಸಮಾಧಿಗಳ ಗೋಡೆಗಳ ಮೇಲಿವೆ. ಈಜಿಪ್ಟಿನ ಚಿತ್ರಲಿಪಿಯಲ್ಲಿ 'ಕುಶಲಕಲೆ' ಎಂಬ ಪದವನ್ನು ಬರೆಯುತ್ತಿದ್ದುದೂ ಈ ಬೈರಿಗೆಯ ಚಿತ್ರದಿಂದಲೇ!

ಆದರೂ ವಾದ ಮುಗಿದಿಲ್ಲ. ಕೆಲವು ಪಾತ್ರೆಗಳನ್ನು ಸೂಕ್ಷ್ಮವಾಗಿ ಅಳೆದು, ಇಷ್ಟು ನಿಖರವಾದ ಕೆಲಸ ಕೈಯಿಂದ ಅಸಾಧ್ಯ, ಇದು ಮರೆತುಹೋದ ಯಾವುದೋ ಯಂತ್ರದ ಕೆಲಸ ಎನ್ನುವವರು ಇಂದಿಗೂ ಇದ್ದಾರೆ. ಆದರೆ ಎಲ್ಲಿ, ಯಾವ ಪದರದಲ್ಲಿ ದೊರೆಯಿತೆಂದು ತಿಳಿಯದ ಪಾತ್ರೆ ತನ್ನ ಕಾಲಕ್ಕೆ ಸಾಕ್ಷಿಯಾಗಲಾರದು. ಬೆರಗು ಪ್ರಶ್ನೆಯನ್ನು ಹುಟ್ಟಿಸಬಲ್ಲದು. ಉತ್ತರ ಕೊಡಬೇಕಾದುದು ಸಾಕ್ಷ್ಯವೇ.

ಪಾತ್ರೆಯ ಮೇಲೆ ಅರಸನ ಹೆಸರು ಉಳಿದಿದೆ. ಅದನ್ನು ಮಾಡಿದವನ ಹೆಸರು ಉಳಿದಿಲ್ಲ. ಅವನ ಶ್ರಮವನ್ನು ಇನ್ನಾರಿಗೋ ಒಪ್ಪಿಸುವ ಮುನ್ನ ಅವನು ಬಿಟ್ಟುಹೋದ ಗುರುತುಗಳನ್ನು ಓದುವುದು ನ್ಯಾಯ.