ಹೊಸೂರು–ಕೃಷ್ಣಗಿರಿ ಸೈಕಲ್ ಪ್ರವಾಸ: ಬ್ಯಾಗ್ ಸರಿಯಾಗಿ ಕಟ್ಟಿದರೆ ಅರ್ಧ ದಾರಿ ಗೆದ್ದಂತೆ

ಒಂದು ಕಾಲದಲ್ಲಿ ಕರಾವಳಿಯ ಬ್ಯಾರಿ ಮನೆಗಳಲ್ಲಿ ಸೈಕಲ್ ಅಂದರೆ ಹೊಟ್ಟೆಪಾಡು. ಬೆಳ್ಳಂಬೆಳಗ್ಗೆ ದಕ್ಕೆಯಿಂದ ಮೀನು ತಂದು, ಬುಟ್ಟಿಯನ್ನು ಕ್ಯಾರಿಯರ್‌ಗೆ ಕಟ್ಟಿ, ಹಾರ್ನ್ ಹೊಡೆಯುತ್ತಾ ಹಳ್ಳಿ ಹಳ್ಳಿ ಸುತ್ತಿದವರು ಎಷ್ಟೋ ಮಂದಿ. ಗುಜರಿ ಸಾಮಾನಿನ ಗೋಣಿ ಹೇರಿಕೊಂಡು ಮನೆ ಮನೆಗೆ ಹೋದವರೂ ಇದ್ದರು. ಹಳೇ ಟ್ಯೂಬ್ ಸೀಳಿ ಮಾಡಿದ ರಬ್ಬರ್ ಪಟ್ಟಿಯಿಂದ ಹೊರೆಯನ್ನು ಬಿಗಿಯುವ ವಿದ್ಯೆ ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹೊಂಡ ಬಿದ್ದ ರಸ್ತೆಯಲ್ಲಿ ದಿನವಿಡೀ ಓಡಾಡಿದರೂ ಬುಟ್ಟಿ ಜಾರುತ್ತಿರಲಿಲ್ಲ.

ಅದೇ ಮನೆಗಳ ಮೊಮ್ಮಕ್ಕಳು ಈಗ ಬೆಂಗಳೂರಿನಲ್ಲಿ ಓದುತ್ತಾರೆ, ಐಟಿ ಕಂಪೆನಿಗಳಲ್ಲಿ ದುಡಿಯುತ್ತಾರೆ. ವಾರಾಂತ್ಯಕ್ಕೆ ಗೇರ್ ಸೈಕಲ್ ಹತ್ತಿ ದೂರದ ಊರು ನೋಡುವ ಆಸೆ ಅವರದ್ದು. ಸೈಕಲ್‌ಗೂ ಬ್ಯಾಗ್‌ಗೂ ಸಾವಿರಾರು ರೂಪಾಯಿ ಸುರಿಯುತ್ತಾರೆ. ಆದರೆ ಬ್ಯಾಗ್ ಕಟ್ಟುವ ಕೆಲಸವನ್ನು ಹೊರಡುವ ದಿನ ಬೆಳಗ್ಗೆ ಐದು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲಿಂದಲೇ.

ಹೊಸೂರು ಕಡೆ ಯಾಕೆ?

ಬೆಂಗಳೂರಿನಿಂದ ಹೊಸೂರಿಗೆ ಸುಮಾರು 40 ಕಿ.ಮೀ. ಅಲ್ಲಿಂದ ಕೃಷ್ಣಗಿರಿಗೆ ಇನ್ನೊಂದು 50 ಕಿ.ಮೀ. ಆಚೀಚೆ. ಧರ್ಮಪುರಿಯಿಂದ ಬೇರ್ಪಟ್ಟು 2004ರಲ್ಲಿ ರಚನೆಯಾದ ಕೃಷ್ಣಗಿರಿ ಜಿಲ್ಲೆಯ ಗಡಿ ಭಾಗದಲ್ಲಿ ಕನ್ನಡ ಮಾತಾಡುವವರಿಗೆ ಬರವಿಲ್ಲ. ಹೊಸೂರು, ತಳಿ, ಡೆಂಕಣಿಕೋಟೆ ಕಡೆ ದಾರಿ ಕೇಳಲು, ಚಹಾ ಕುಡಿಯಲು ಭಾಷೆಯ ತೊಡಕಿಲ್ಲ. ತಮಿಳು, ತೆಲುಗು, ಉರ್ದು ಎಲ್ಲವೂ ಅಲ್ಲಿ ಒಟ್ಟಿಗೇ ಕಿವಿಗೆ ಬೀಳುತ್ತವೆ. ಇತಿಹಾಸದ ಆಸಕ್ತಿ ಇದ್ದವರಿಗೆ ರಾಯಕೋಟೆ ಮತ್ತು ಕೃಷ್ಣಗಿರಿಯ ಬೆಟ್ಟದ ಕೋಟೆಗಳಿವೆ. ಟಿಪ್ಪು ಸುಲ್ತಾನರ ಕೈಯಲ್ಲಿದ್ದ ಬಾರಾಮಹಲ್ ಸೀಮೆ 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಕಂಪೆನಿ ಪಾಲಾಯಿತು. ಆ ಸೀಮೆ ಇದೇ.

ಆದರೆ ಹೊಸೂರು ಇರುವುದು ಹೆಚ್ಚು ಕಡಿಮೆ ಬೆಂಗಳೂರಿನಷ್ಟೇ ಎತ್ತರದಲ್ಲಿ. ಕೃಷ್ಣಗಿರಿ ಅದಕ್ಕಿಂತ ನೂರಾರು ಮೀಟರ್ ಕೆಳಗಿದೆ. ಅಂದರೆ ಹೋಗುವಾಗ ಶೂಲಗಿರಿ ದಾಟಿದ ಮೇಲೆ ಒಟ್ಟಾರೆ ಇಳಿಜಾರು. ಪಕ್ಕದಲ್ಲಿ ರಾಷ್ಟ್ರೀಯ ಹೆದ್ದಾರಿ 44ರ ಲಾರಿಗಳ ಸಾಲು. ಹೊರೆ ಹೊತ್ತ ಸೈಕಲ್ ಇಳಿಜಾರಿನಲ್ಲಿ ವೇಗ ಹಿಡಿದಾಗ ಹಿಂದಿನ ಬ್ಯಾಗ್ ಜಾರಿ ಟೈರಿಗೆ ತಾಗಿದರೆ, ಅಥವಾ ಒಂದು ಪಟ್ಟಿಯ ತುದಿ ಸ್ಪೋಕ್‌ಗೆ ಸಿಕ್ಕಿಕೊಂಡರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾರಿಯರ್ ಇಲ್ಲದ ಹೊರೆ

ಕ್ಯಾರಿಯರ್ ಇಲ್ಲದೆ, ಸೈಕಲ್‌ನ ಮೈಗೇ ಪಟ್ಟಿಗಳಿಂದ ಬ್ಯಾಗ್ ಬಿಗಿದು ಪ್ರಯಾಣಿಸುವುದಕ್ಕೆ ಬೈಕ್‌ಪ್ಯಾಕಿಂಗ್ ಎನ್ನುತ್ತಾರೆ. ಹೆಸರು ಹೊಸದು, ಉಪಾಯ ಹಳೆಯದು. 1897ರಲ್ಲಿ ಅಮೆರಿಕದ 25ನೇ ಪದಾತಿ ದಳದ ಕಪ್ಪು ಸೈನಿಕರು ಮಿಸ್ಸೌಲಾದಿಂದ ಸೇಂಟ್ ಲೂಯಿಸ್‌ವರೆಗೆ 3,000 ಕಿ.ಮೀ.ಗೂ ಹೆಚ್ಚು ದೂರ ಸೈಕಲ್ ತುಳಿದರು. ಹಾಸಿಗೆ ಸುರುಳಿಯನ್ನು ಹ್ಯಾಂಡಲ್‌ಗೆ ಕಟ್ಟಿ, ಸೈಕಲ್‌ನ ತ್ರಿಕೋನದೊಳಗೆ ಪೆಟ್ಟಿಗೆ ಕೂರಿಸಿ ಹೋಗಿದ್ದರು. ಇವತ್ತಿನ ಬ್ಯಾಗ್‌ಗಳೂ ಅದೇ ಜಾಗಗಳಲ್ಲೇ ಕೂರುತ್ತವೆ: ಫ್ರೇಮಿನ ತ್ರಿಕೋನದಲ್ಲಿ ಒಂದು, ಸೀಟಿನ ಹಿಂದೆ ಒಂದು, ಹ್ಯಾಂಡಲ್ ಮುಂದೆ ಒಂದು. ಮೇಲಿನ ಪೈಪಿನ ಮೇಲೆ ಮೊಬೈಲ್, ಖರ್ಜೂರ ಇಡಲು ಪುಟ್ಟ ಬ್ಯಾಗ್ ಬೇಕಾದವರು ಹಾಕಿಕೊಳ್ಳುತ್ತಾರೆ.

ಲೆಕ್ಕ ಸರಳ. ಭಾರದ ವಸ್ತು ನಡುವೆ, ಕೆಳಗೆ. ಹಗುರವಾದದ್ದು ಹಿಂದೆ ಮತ್ತು ಮುಂದೆ. ಟೂಲ್, ಪಂಪ್, ಸ್ಪೇರ್ ಟ್ಯೂಬ್, ಪವರ್ ಬ್ಯಾಂಕ್, ನೀರು ಇವೆಲ್ಲ ಫ್ರೇಮ್ ಬ್ಯಾಗ್‌ಗೆ. ಬಟ್ಟೆ ಸೀಟಿನ ಹಿಂದಿನದಕ್ಕೆ. ಹೊದಿಕೆ, ಟೆಂಟ್ ಬಟ್ಟೆ ಹ್ಯಾಂಡಲ್‌ಗೆ. ಹ್ಯಾಂಡಲ್ ಮೇಲೆ ಎರಡು ಮೂರು ಕಿಲೋ ದಾಟಿದರೆ ತಿರುಗಿಸುವಾಗ ಸೈಕಲ್ ಹೇಳಿದ ಮಾತು ಕೇಳುವುದಿಲ್ಲ.

ಮೊದಲು ಫ್ರೇಮ್ ಬ್ಯಾಗ್

ಖಾಲಿ ಬ್ಯಾಗನ್ನೇ ಮೊದಲು ಕಟ್ಟಬೇಕು, ತುಂಬಿಸಿ ಕಟ್ಟಬಾರದು. ಮೇಲಿನ ಪೈಪಿನ ಪಟ್ಟಿಗಳನ್ನು ಸಡಿಲವಾಗಿ ಹಾಕಿ, ಬ್ಯಾಗನ್ನು ಹ್ಯಾಂಡಲ್ ಕಡೆಯ ಮೂಲೆಗೆ ತಳ್ಳಿ, ಆಮೇಲೆ ಒಂದೊಂದಾಗಿ ಬಿಗಿಯಬೇಕು. ಕೊನೆಗೆ ಸೀಟಿನ ಪೈಪ್ ಮತ್ತು ಕೆಳಗಿನ ಪೈಪಿನ ಪಟ್ಟಿ. ಪೈಪಿನ ಹೊರಗೆ ಬ್ರೇಕ್ ಅಥವಾ ಗೇರಿನ ಕೇಬಲ್ ಹಾದು ಹೋಗಿದ್ದರೆ ಪಟ್ಟಿ ಕೇಬಲ್‌ನ ಅಡಿಯಿಂದ ಹೋಗಬೇಕು. ಮೇಲಿಂದ ಒತ್ತಿ ಬಿಗಿದರೆ ಗೇರ್ ತಾನಾಗಿ ಜಿಗಿಯುತ್ತದೆ, ಬ್ರೇಕ್ ಹಿಡಿದದ್ದು ಬಿಡುವುದಿಲ್ಲ.

ಪಟ್ಟಿ ಉಜ್ಜುವ ಜಾಗಕ್ಕೆಲ್ಲ ಮೊದಲೇ ದಪ್ಪ ಟೇಪ್ ಅಂಟಿಸುವುದು ಒಳ್ಳೆಯದು. ಹಳೇ ಟ್ಯೂಬಿನ ತುಂಡಾದರೂ ಸಾಕು. ಪಟ್ಟಿಗೆ ಮೆತ್ತಿದ ಧೂಳು ಉಪ್ಪುಕಾಗದದ ಕೆಲಸ ಮಾಡುತ್ತದೆ. ಎರಡೇ ದಿನದಲ್ಲಿ ಪೇಂಟ್ ಹೋಗಿಬಿಡುತ್ತದೆ.

ತುಂಬಿಸಿದ ಮೇಲೆ ಸೀಟಿನಲ್ಲಿ ಕೂತು ಪೆಡಲ್ ತುಳಿದು ನೋಡಬೇಕು. ಬ್ಯಾಗ್ ಹೊಟ್ಟೆ ಉಬ್ಬಿ ಮೊಣಕಾಲಿಗೆ ತಾಗಿದರೆ ಸಾಮಾನು ಕಡಿಮೆ ಮಾಡಬೇಕು, ಬೇರೆ ದಾರಿ ಇಲ್ಲ. ಒಂದು ಸುತ್ತಿಗೆ ಗೊತ್ತಾಗದ ಆ ಉಜ್ಜಾಟ ದಿನವಿಡೀ ಸಾವಿರಾರು ಸುತ್ತಾದಾಗ ಚರ್ಮ ಕಿತ್ತು ಬರುತ್ತದೆ.

ಸೀಟಿನ ಹಿಂದಿನ ಬ್ಯಾಗ್

ಹೆಚ್ಚು ತೊಂದರೆ ಕೊಡುವುದು ಇದೇ. ಬೆಕ್ಕಿನ ಬಾಲದ ಹಾಗೆ ಆಚೆ ಈಚೆ ಆಡುತ್ತದೆ. ಅದಕ್ಕೆ ಕಾರಣ ತುಂಬಿಸುವ ಕ್ರಮ. ಭಾರದ್ದು, ಗಟ್ಟಿಯಾದದ್ದು ಸೀಟ್ ಪೋಸ್ಟ್ ಪಕ್ಕದ ಮೂಲೆಗೆ ಹೋಗಬೇಕು, ಮೆತ್ತಗಿನ ಬಟ್ಟೆ ತುದಿಗೆ. ಒಳಗೆ ಖಾಲಿ ಜಾಗ ಉಳಿಯದಂತೆ ಒತ್ತಿ ತುಂಬಿ, ಗಾಳಿ ಹೊರಗೆ ಹಾಕಿ, ಬಾಯಿ ಸುತ್ತಿ ಮುಚ್ಚಬೇಕು.

ಕಟ್ಟುವಾಗ ಮೊದಲು ಸೀಟಿನ ಕೆಳಗಿನ ಎರಡು ಕಂಬಿಗಳಿಗೆ ಪಟ್ಟಿ ಹಾಕಿ ಬ್ಯಾಗನ್ನು ಮೇಲಕ್ಕೆಳೆಯಬೇಕು. ನಂತರ ಸೀಟ್ ಪೋಸ್ಟ್ ಸುತ್ತಿನ ಪಟ್ಟಿಯನ್ನು ಆದಷ್ಟು ಬಿಗಿಯಾಗಿ ಎಳೆಯಬೇಕು. ಆಮೇಲೆ ಮೇಲಿನ ಪಟ್ಟಿಗಳನ್ನು ಇನ್ನೊಮ್ಮೆ. ಬ್ಯಾಗಿನ ತಳಕ್ಕೂ ಟೈರಿಗೂ ನಡುವೆ ಕನಿಷ್ಠ ನಾಲ್ಕು ಬೆರಳು ಅಂತರ ಬೇಕು. ಗಿಡ್ಡ ಇದ್ದವರ ಸೈಕಲ್‌ನಲ್ಲಿ ಸೀಟು ಕೆಳಗಿರುತ್ತದೆ, ಅಷ್ಟು ಜಾಗ ಸಿಗುವುದಿಲ್ಲ. ಅಂಥವರು ಹಟ ಮಾಡದೆ ಸಣ್ಣ ಬ್ಯಾಗ್ ತೆಗೆದುಕೊಳ್ಳಬೇಕು, ಇಲ್ಲವೇ ಹಳೇ ಕಾಲದ ಕ್ಯಾರಿಯರನ್ನೇ ಹಾಕಿಸಬೇಕು. ಕ್ಯಾರಿಯರ್ ಹಾಕಿದರೆ ಮರ್ಯಾದೆ ಕಡಿಮೆಯಾಗುವುದಿಲ್ಲ.

ಹ್ಯಾಂಡಲ್ ಬ್ಯಾಗ್

ಇಲ್ಲಿ ಗಮನ ಇಡಬೇಕಾದದ್ದು ಕೇಬಲ್ ಮೇಲೆ. ಸುರುಳಿಯನ್ನು ಹ್ಯಾಂಡಲ್‌ಗೆ ಒತ್ತಿ ಬಿಗಿದರೆ ಬ್ರೇಕ್ ಕೇಬಲ್ ಮಡಚಿಕೊಳ್ಳುತ್ತದೆ. ಬ್ಯಾಗ್ ಮತ್ತು ಹ್ಯಾಂಡಲ್ ನಡುವೆ ಫೋಮ್ ತುಂಡು ಇಟ್ಟರೆ ಕೇಬಲ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಹ್ಯಾಂಡಲ್‌ನ ಕೆಳಗೆ ಫ್ರೇಮಿನ ಮುಂಭಾಗಕ್ಕೂ ಒಂದು ಪಟ್ಟಿ ಸುತ್ತಬೇಕು, ಇಲ್ಲದಿದ್ದರೆ ಬ್ಯಾಗ್ ಕುಣಿಯುತ್ತದೆ.

ಮುಂದೆ ಶಾಕ್ ಇರುವ ಸೈಕಲ್‌ಗೆ ಇನ್ನೊಂದು ಲೆಕ್ಕ ಇದೆ. 100 ಮಿ.ಮೀ. ಶಾಕ್ ಪೂರ್ತಿ ಒತ್ತಿದಾಗ ಚಕ್ರ ಹತ್ತು ಸೆಂಟಿಮೀಟರ್ ಮೇಲೆ ಬರುತ್ತದೆ. ನಿಲ್ಲಿಸಿದಾಗ ಟೈರಿಗೂ ಬ್ಯಾಗಿಗೂ ಅಂತರ ಅದಕ್ಕಿಂತ ಹೆಚ್ಚೇ ಇರಬೇಕು. ಇಲ್ಲದಿದ್ದರೆ ಮೊದಲ ದೊಡ್ಡ ಹೊಂಡದಲ್ಲೇ ಮುಂದಿನ ಚಕ್ರ ಬ್ಯಾಗಿಗೆ ಸಿಕ್ಕಿ ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಕೊನೆಗೆ ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ, ಎರಡೂ ಬ್ರೇಕ್ ಹಿಡಿದು ಬಿಟ್ಟು ನೋಡಬೇಕು. ಲೈಟ್ ಮರೆಯಾಗಿದೆಯೇ ಎಂಬುದನ್ನೂ ಗಮನಿಸಬೇಕು.

ದುಬಾರಿ ಬ್ಯಾಗೇ ಬೇಕಾ?

ಖಂಡಿತ ಬೇಡ. ಫ್ರೇಮಿನ ತ್ರಿಕೋನಕ್ಕೆ ರಟ್ಟು ಹಿಡಿದು ಒಳಗಿನ ಅಳತೆ ಗೆರೆ ಎಳೆದು, ಪ್ರತಿ ಬದಿಯಲ್ಲಿ ಅರ್ಧ ಸೆಂಟಿಮೀಟರ್ ಒಳಗೆ ಕತ್ತರಿಸಿದರೆ ನಮೂನೆ ತಯಾರು. ಬೈಕಿನ ಸೀಟ್ ಕವರ್ ಹೊಲಿಯುವ ಅಂಗಡಿಯಲ್ಲಿ ಅದನ್ನು ತೋರಿಸಿ, ಗಟ್ಟಿ ಟಾರ್ಪಾಲು ಅಥವಾ ರೆಕ್ಸಿನ್‌ನಲ್ಲಿ ಜಿಪ್ ಮತ್ತು ವೆಲ್ಕ್ರೋ ಪಟ್ಟಿ ಹಾಕಿ ಹೊಲಿಸಬಹುದು. ಹ್ಯಾಂಡಲ್‌ಗೆ ನೀರು ಹೋಗದ ಸುರುಳಿ ಚೀಲ ಮತ್ತು ಬಕಲ್ ಇರುವ ಎರಡು ಪಟ್ಟಿ ಸಾಕು. ಹೊಲಿಗೆಯ ಸಂದಿನಿಂದ ಮಳೆ ನೀರು ಒಳಗೆ ಬಂದೇ ಬರುತ್ತದೆ. ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟರೆ ಆಯಿತು.

ಹೊರಡುವ ಮುನ್ನ ಪರೀಕ್ಷೆ

ಎಲ್ಲ ಕಟ್ಟಿದ ಮೇಲೆ ಸೈಕಲನ್ನು ಒಂದು ಗೇಣು ಎತ್ತಿ ನೆಲಕ್ಕೆ ಬಿಡಬೇಕು. ಏನಾದರೂ ಸದ್ದು ಬಂದರೆ, ಜಾರಿದರೆ ಅಲ್ಲೇ ಗೊತ್ತಾಗುತ್ತದೆ. ಉಳಿದ ಪಟ್ಟಿಯ ತುದಿಗಳನ್ನೆಲ್ಲ ಮಡಚಿ ಸಿಕ್ಕಿಸಬೇಕು, ಒಂದೂ ನೇತಾಡಬಾರದು. ಪ್ರಯಾಣದ ಹಿಂದಿನ ದಿನ ಇದೇ ಹೊರೆಯೊಂದಿಗೆ ಐದಾರು ಕಿಲೋಮೀಟರ್ ಓಡಿಸಿ ಮತ್ತೆ ಬಿಗಿಯಬೇಕು. ಹೊಸ ಪಟ್ಟಿ ಮೊದಲ ದಿನ ಸಡಿಲವಾಗಿಯೇ ಆಗುತ್ತದೆ. ಹೊರೆ ಇದ್ದಾಗ ಸೈಕಲ್ ನಿಲ್ಲಲು ಹೆಚ್ಚು ದೂರ ಬೇಕು ಎಂಬುದು ಈ ಓಡಾಟದಲ್ಲೇ ಅನುಭವಕ್ಕೆ ಬರುತ್ತದೆ. ಶೂಲಗಿರಿ ಇಳಿಜಾರಿನಲ್ಲಿ ಕಲಿಯುವ ಪಾಠ ಅದಲ್ಲ.

ಕಾಡು ದಾರಿ, ನಮಾಝ್ ಹೊತ್ತು

ಹೆದ್ದಾರಿ ಬೇಡವೆಂದು ಡೆಂಕಣಿಕೋಟೆ, ಅಂಚೆಟ್ಟಿ ಮೂಲಕ ಹೊಗೇನಕಲ್ ಕಡೆ ಹೋಗುವವರಿದ್ದಾರೆ. ಚಂದದ ದಾರಿ, ಆದರೆ ಆನೆಗಳ ಕಾಡು. ರಾಗಿ ಕೊಯ್ಲಿನ ಕಾಲದಲ್ಲಿ ಬನ್ನೇರುಘಟ್ಟ ಕಡೆಯಿಂದಲೂ ಆನೆ ಹಿಂಡುಗಳು ಈ ಭಾಗದ ಹೊಲಗಳಿಗೆ ಇಳಿಯುತ್ತವೆ. ಬೆಳಕು ಹರಿಯುವ ಮೊದಲು, ಮಗ್ರಿಬ್ ನಂತರ ಅಲ್ಲಿ ಸೈಕಲ್ ಬೇಡವೇ ಬೇಡ. ಬ್ಯಾಗಿನಲ್ಲಿ ಬಾಳೆಹಣ್ಣು, ಬೆಲ್ಲದಂಥ ವಾಸನೆಯ ತಿಂಡಿ ಇಟ್ಟುಕೊಂಡು ಕಾಡಂಚಿನಲ್ಲಿ ಮಲಗುವ ಸಾಹಸವೂ ಬೇಡ. ಪೇಟೆಯಲ್ಲಿ ಲಾಡ್ಜ್ ಹಿಡಿದರೆ ಮನೆಯಲ್ಲಿ ಉಮ್ಮನಿಗೂ ನಿದ್ದೆ ಬರುತ್ತದೆ.

ದಿನಕ್ಕೆ ಹಲವು ಬಾರಿ ಬೇಕಾಗುವ ವಸ್ತು ಎಲ್ಲಕ್ಕಿಂತ ಮೇಲಿರಬೇಕು. ತೆಳು ಮುಸಲ್ಲಾ, ಟೋಪಿ, ಒಂದು ಒಣ ಲುಂಗಿ ಹ್ಯಾಂಡಲ್ ಬ್ಯಾಗಿನ ಹೊರ ಜೇಬಿನಲ್ಲಿದ್ದರೆ ನಮಾಝ್ ಹೊತ್ತಿಗೆ ಕಟ್ಟಿದ ಗಂಟೆಲ್ಲ ಬಿಚ್ಚಬೇಕಾಗಿಲ್ಲ. ಕುಡಿಯುವ ನೀರಿನ ಜೊತೆ ವುಳೂಗೆಂದು ಇನ್ನೊಂದು ಬಾಟಲಿ ಇರಲಿ. ಪ್ರಯಾಣಿಕನಿಗೆ ಇರುವ ಜಂಅ್, ಖಸ್ರ್ ವಿನಾಯಿತಿ ಎಷ್ಟು ದೂರಕ್ಕೆ, ಯಾವ ಷರತ್ತಿಗೆ ಅನ್ವಯಿಸುತ್ತದೆ ಎಂಬುದನ್ನು ಹೊರಡುವ ಮೊದಲೇ ಊರಿನ ಉಸ್ತಾದರಲ್ಲಿ ಕೇಳಿಕೊಂಡರೆ ದಾರಿಯಲ್ಲಿ ಗೊಂದಲ ಇರುವುದಿಲ್ಲ.

ಒಂಟೆಯನ್ನು ಹಾಗೇ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದ ವ್ಯಕ್ತಿಗೆ, ಮೊದಲು ಅದನ್ನು ಕಟ್ಟಿಹಾಕಲು ಪ್ರವಾದಿಯವರು (ಸ.ಅ.) ಹೇಳಿದ ಸಂಗತಿಯನ್ನು ಮದ್ರಸಾದಲ್ಲಿ ಕೇಳದವರು ಕಡಿಮೆ. ಮೀನಿನ ಬುಟ್ಟಿ ಕಟ್ಟುತ್ತಿದ್ದ ಅಜ್ಜಂದಿರು ಕ್ಯಾರಿಯರ್ ಹಿಡಿದು ಎರಡು ಸಲ ಅಲುಗಾಡಿಸಿ, ಬಿಸ್ಮಿ ಹೇಳಿ ಪೆಡಲ್ ಮೇಲೆ ಕಾಲಿಡುತ್ತಿದ್ದರು. ಮೊಮ್ಮಕ್ಕಳಿಗೂ ಅಷ್ಟು ಸಾಕು.